ಹಳೆಯ ಮನೆಗಣಕಕ್ಕೆ ಬಾಹ್ಯೋಪಕರಣಗಳ ಜೋಡಣೆ: ಹುಲಿಕೆರೆಯ ಏಳು ಕ್ಯಾಸೆಟ್ಟುಗಳ ನಿದರ್ಶನದೊಡನೆ

ಇತಿಹಾಸದ ಆಕರಗಳೆಂದರೆ ಶಾಸನ, ನಾಣ್ಯ, ತಾಳೆಯೋಲೆ, ಕಡತ, ಕೈಫಿಯತ್ತು ಎಂಬ ಎಣಿಕೆ ನಮ್ಮಲ್ಲಿ ರೂಢವಾಗಿದೆ. ಇವೆಲ್ಲಕ್ಕೂ ಸಾಮಾನ್ಯವಾದ ಒಂದು ಗುಣವುಂಟು. ಇವುಗಳನ್ನು ಓದಲು ಓದುವವನ ಕಣ್ಣೂ ಲಿಪಿಯ ಪರಿಚಯವೂ ಭಾಷೆಯ ಜ್ಞಾನವೂ ಇದ್ದರೆ ಸಾಕು; ಮತ್ತೊಂದು ಯಂತ್ರದ ಮಧ್ಯಸ್ತಿಕೆ ಬೇಕಿಲ್ಲ. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನವು ಸುಮಾರು ಐದನೆಯ ಶತಮಾನದ್ದು, ಅದು ಎಂ. ಎಚ್. ಕೃಷ್ಣ ಅವರ ಮೂಲಕ ವಿದ್ವಲ್ಲೋಕಕ್ಕೆ ತಿಳಿದುಬಂದುದು ೧೯೩೬ರಲ್ಲಿ. ನಡುವೆ ಹದಿನಾಲ್ಕು ಶತಮಾನಗಳು ಸಂದಿದ್ದರೂ ಕಲ್ಲು ತನ್ನ ಮಾತನ್ನು ತಾನೇ ಹೇಳಿತು. ಆದರೆ ಕಳೆದ ಶತಮಾನದ ಎಂಟನೆಯ ಮತ್ತು ಒಂಬತ್ತನೆಯ ದಶಕಗಳಲ್ಲಿ ಹುಟ್ಟಿದ ಒಂದು ಹೊಸ ಬಗೆಯ ಆಕರಕ್ಕೆ ಈ ಗುಣವಿಲ್ಲ. ಮನೆಗಳಲ್ಲಿಯೂ ಶಾಲೆಗಳಲ್ಲಿಯೂ ಬಳಕೆಯಾದ ಪುಟ್ಟ ಗಣಕಯಂತ್ರಗಳಿಂದ ಕ್ಯಾಸೆಟ್ಟುಗಳ ಮೇಲೆ ಬರೆದಿಟ್ಟ ಮಾಹಿತಿಯನ್ನು ಕಣ್ಣಿನಿಂದಾಗಲಿ ಕಿವಿಯಿಂದಾಗಲಿ ಓದಲಾಗದು. ಅದನ್ನು ಬರೆದ ಯಂತ್ರ, ಅದಕ್ಕೆ ಜೋಡಿಸಿದ್ದ ಉಪಕರಣ, ಅವೆರಡರ ನಡುವಿನ ತಂತಿ, ಈ ಮೂರೂ ಒಟ್ಟುಗೂಡಿದಲ್ಲದೆ ಅದು ಮಾತನಾಡುವುದಿಲ್ಲ.

ಈ ಲೇಖಕನು ಇತಿಹಾಸದ ವಿದ್ಯಾರ್ಥಿಯೇ ಹೊರತು ಯಂತ್ರಶಾಸ್ತ್ರಜ್ಞನಲ್ಲ. ಹಳೇಬೀಡಿನ ಸಮೀಪದ ಹುಲಿಕೆರೆಯ ಮನೆಯೊಂದರಲ್ಲಿ ದೊರೆತ ಒಂದು ಹಳೆಯ ಗಣಕಯಂತ್ರವೂ ಏಳು ಕ್ಯಾಸೆಟ್ಟುಗಳೂ ಈ ವಿಷಯವನ್ನು ಕಲಿಯುವ ನಿರ್ಬಂಧವನ್ನು ಅವನ ಮೇಲೆ ತಂದವು. ಇಂಥ ಯಂತ್ರಕ್ಕೆ ಹೊರಗಿನ ಉಪಕರಣಗಳನ್ನು ಜೋಡಿಸುವ ಕ್ರಮ ಯಾವುದು, ಆ ಜೋಡಣೆಯ ಜ್ಞಾನವು ಇತಿಹಾಸಕಾರನಿಗೆ ಏಕೆ ಅವಶ್ಯ ಎಂಬೆರಡನ್ನು ಮುಂದೆ ವಿವರಿಸಲಾಗಿದೆ.

೧. ಯಂತ್ರದ ಪೂರ್ವವೃತ್ತಾಂತ

ಹುಲಿಕೆರೆಯಲ್ಲಿ ದೊರೆತುದು ಬಿಬಿಸಿ ಮೈಕ್ರೋ ಎಂಬ ಹೆಸರಿನ ಯಂತ್ರ. ಅದರಲ್ಲಿಯೂ ‘ಮಾದರಿ ಬಿ’ ಎಂಬುದು. ಇಂಗ್ಲೆಂಡಿನ ಕೇಂಬ್ರಿಜ್ ನಗರದ ಏಕಾರ್ನ್ ಸಂಸ್ಥೆಯು ಬ್ರಿಟಿಷ್ ಪ್ರಸಾರ ಸಂಸ್ಥೆಯ ಗಣಕ ಸಾಕ್ಷರತಾ ಯೋಜನೆಗಾಗಿ ಇದನ್ನು ನಿರ್ಮಿಸಿ ೧೯೮೧ರ ಡಿಸೆಂಬರಿನಲ್ಲಿ ಹೊರತಂದಿತು. ೬೫೦೨ ಎಂಬ ಸಂಸ್ಕಾರಕ, ಸೆಕೆಂಡಿಗೆ ಇಪ್ಪತ್ತು ಲಕ್ಷ ಸ್ಪಂದನಗಳ ವೇಗ, ೩೨ ಕಿಲೋಬೈಟುಗಳ ಸ್ಮೃತಿ, ಬೇಸಿಕ್ ಭಾಷೆ, ಇವು ಅದರ ಮುಖ್ಯ ಲಕ್ಷಣಗಳು. ಕೀಲಿಮಣೆಯೂ ಯಂತ್ರವೂ ಒಂದೇ ಪೆಟ್ಟಿಗೆಯಲ್ಲಿವೆ. ಪರದೆ, ಮಾಹಿತಿಯ ಭಂಡಾರ, ಅಚ್ಚಿನ ಸಾಧನ ಇವೆಲ್ಲವೂ ಹೊರಗಿನಿಂದ ಬರಬೇಕು.

ನಮ್ಮ ದೇಶಕ್ಕೆ ಈ ಯಂತ್ರ ಬಂದುದು ಮುಖ್ಯವಾಗಿ ಶಾಲೆಗಳ ಮೂಲಕ. ಭಾರತ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆಯೂ ಶಿಕ್ಷಣ ಖಾತೆಯೂ ಸೇರಿ ೧೯೮೪-೮೫ರಲ್ಲಿ ‘ಕ್ಲಾಸ್’ ಎಂಬ ಸಂಕ್ಷಿಪ್ತನಾಮದ ಪ್ರಾಯೋಗಿಕ ಯೋಜನೆಯನ್ನು ಆರಂಭಿಸಿ, ಮೊದಲಿಗೆ ೨೫೦ ಪ್ರೌಢಶಾಲೆಗಳಿಗೂ ಹೈಯರ್ ಸೆಕೆಂಡರಿ ಶಾಲೆಗಳಿಗೂ ಪುಟ್ಟ ಗಣಕಗಳನ್ನು ಒದಗಿಸಿದವು. ಆ ಯೋಜನೆಗೆ ಆಯ್ಕೆಯಾದುದು ಇದೇ ಬಿಬಿಸಿ ಮೈಕ್ರೋ. ಮುಂದೆ ಸರ್ಕಾರಿ ಸ್ವಾಮ್ಯದ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಸಂಸ್ಥೆಯು ‘ಯೂನಿಕಾರ್ನ್’ ಎಂಬ ಹೆಸರಿನಲ್ಲಿ ಈ ಯಂತ್ರವನ್ನು ಇಲ್ಲಿಯೇ ತಯಾರಿಸಿತು. ಅದೇ ದಶಕದಲ್ಲಿ ಪುಣೆಯ ಡೆಸಿಬೆಲ್ಸ್ ಸಂಸ್ಥೆಯು ಸಿಂಕ್ಲೇರರ ಸ್ಪೆಕ್ಟ್ರಮ್ ಯಂತ್ರವನ್ನು ‘ಡಿಬಿ ಸ್ಪೆಕ್ಟ್ರಮ್’ ಎಂಬ ಹೆಸರಿನಿಂದ ಹೊರತಂದುದರಿಂದ, ಕೆಲವು ಮಧ್ಯಮ ವರ್ಗದ ಮನೆಗಳಿಗೂ ಗಣಕಯಂತ್ರ ಕಾಲಿಟ್ಟಿತು.

ಹುಲಿಕೆರೆಯ ಯಂತ್ರದ ಒಡೆಯರು ಈಗ ಕೀರ್ತಿಶೇಷರಾಗಿರುವ ಒಬ್ಬ ಪ್ರೌಢಶಾಲಾ ಉಪಾಧ್ಯಾಯರು. ಊರಿನವರು ಅವರನ್ನು ‘ಮೇಷ್ಟ್ರು’ ಎಂದೇ ಕರೆಯುತ್ತಿದ್ದರು. ಶಾಲೆಯೊಂದು ಹಳೆಯ ಸಾಮಾನುಗಳನ್ನು ವಿಲೇವಾರಿ ಮಾಡಿದಾಗ ಅವರು ಯಂತ್ರವನ್ನೂ ಅದರೊಡನಿದ್ದ ಟೇಪ್ ರೆಕಾರ್ಡರನ್ನೂ ಕೊಂಡು ಮನೆಗೆ ತಂದರು. ಬಿಡುವಿನ ದಿನಗಳಲ್ಲಿ ಬೈಸಿಕಲ್ಲಿನ ಮೇಲೆ ಬೇಲೂರು ಮತ್ತು ಅರಸೀಕೆರೆ ತಾಲ್ಲೂಕುಗಳ ಹಳ್ಳಿಗಳನ್ನು ಸುತ್ತಿ, ಹೊಲಗದ್ದೆಗಳಲ್ಲಿಯೂ ಕೆರೆಯ ಏರಿಗಳ ಮೇಲೂ ನಿಂತಿದ್ದ ವೀರಗಲ್ಲು, ಮಾಸ್ತಿಕಲ್ಲು, ಲಿಂಗಮುದ್ರೆಯ ಕಲ್ಲು, ತೂಬಿನ ಕಲ್ಲುಗಳನ್ನು ಪಟ್ಟಿಮಾಡುವುದು ಅವರ ಹವ್ಯಾಸವಾಗಿತ್ತು. ಬಿ. ಎಲ್. ರೈಸ್ ಅವರು ೧೯೦೨ರಲ್ಲಿ ಪ್ರಕಟಿಸಿದ ಹಾಸನ ಜಿಲ್ಲೆಯ ಶಾಸನ ಸಂಪುಟವು ಬರಹವಿರುವ ಕಲ್ಲುಗಳ ಸಂಗ್ರಹ. ಮೇಷ್ಟರ ಲಕ್ಷ್ಯವು ಬರಹವಿಲ್ಲದ ಕಲ್ಲುಗಳ ಕಡೆಗಿತ್ತು. ಅವರ ಟಿಪ್ಪಣಿ ಪುಸ್ತಕಗಳು ಗೆದ್ದಲಿಗೆ ಆಹುತಿಯಾದವು. ಉಳಿದುದು ಕ್ಯಾಸೆಟ್ಟುಗಳಲ್ಲಿ ತುಂಬಿಟ್ಟ ಪಟ್ಟಿಯೊಂದೇ. ಆದುದರಿಂದ ಈ ಏಳು ಕ್ಯಾಸೆಟ್ಟುಗಳನ್ನು ಓದುವುದು ಕೇವಲ ಕುತೂಹಲದ ಸಂಗತಿಯಾಗಿರಲಿಲ್ಲ.

೨. ಯಂತ್ರದ ತೂಬುಗಳು

ಕೆರೆಯಲ್ಲಿ ಎಷ್ಟೇ ನೀರಿದ್ದರೂ ತೂಬಿಲ್ಲದಿದ್ದರೆ ಗದ್ದೆಗೆ ಪ್ರಯೋಜನವಿಲ್ಲ. ತೂಬು ಇದ್ದರೂ ಅದರ ಎತ್ತರ, ಅಗಲ, ನೀರು ಬಿಡುವ ಸರದಿ ಇವುಗಳನ್ನು ಅರಿತ ನೀರಗಂಟಿ ಬೇಕು. ಗಣಕಯಂತ್ರಕ್ಕೂ ಹೊರಗಿನ ಉಪಕರಣಕ್ಕೂ ನಡುವಣ ದ್ವಾರಗಳನ್ನು, ಅಂದರೆ ಪೋರ್ಟುಗಳನ್ನು, ಹೀಗೆಯೇ ಭಾವಿಸಬಹುದು. ಒಂದು ಪೋರ್ಟನ್ನು ತಿಳಿಯುವುದೆಂದರೆ ನಾಲ್ಕು ವಿಷಯಗಳನ್ನು ತಿಳಿಯುವುದು: ಮೊದಲನೆಯದಾಗಿ, ಪ್ಲಗ್ಗಿನ ಆಕಾರ ಮತ್ತು ಯಾವ ಪಿನ್ನಿನಲ್ಲಿ ಏನಿದೆ ಎಂಬುದು, ಎರಡನೆಯದಾಗಿ, ವಿದ್ಯುತ್ತಿನ ಮಟ್ಟ, ಮೂರನೆಯದಾಗಿ, ಸಂಕೇತಗಳ ವೇಗ, ನಾಲ್ಕನೆಯದಾಗಿ, ಯಾರು ಮೊದಲು ಮಾತನಾಡಬೇಕು, ಯಾರು ಕಾಯಬೇಕು ಎಂಬ ಸರದಿ. ಈ ನಾಲ್ಕರಲ್ಲಿ ಒಂದು ತಪ್ಪಿದರೂ ಜೋಡಣೆ ನಿಷ್ಫಲ. ಎರಡನೆಯದು ತಪ್ಪಿದರೆ ಯಂತ್ರಕ್ಕೇ ಅಪಾಯ.

ಸ್ಪೆಕ್ಟ್ರಮ್ ಯಂತ್ರದಲ್ಲಿ ಹಿಂಬದಿಯ ಒಂದೇ ಅಂಚುಪಟ್ಟಿಗೆ ಬಹುಪಾಲು ಉಪಕರಣಗಳು ಸೇರಬೇಕಾಗಿತ್ತು. ಸಂಸ್ಕಾರಕದ ತಂತಿಗಳೇ ನೇರವಾಗಿ ಅಲ್ಲಿಗೆ ಬಂದಿರುವುದರಿಂದ, ಯಂತ್ರವು ನಡೆಯುತ್ತಿರುವಾಗ ಅಲ್ಲಿ ಏನನ್ನಾದರೂ ಸಿಕ್ಕಿಸಿದರೆ ಅದು ಕೆಟ್ಟುಹೋಗುವ ಸಂಭವ ಹೆಚ್ಚು. ಬಿಬಿಸಿ ಮೈಕ್ರೋ ಇದಕ್ಕೆ ಭಿನ್ನ. ಶಾಲೆಗಾಗಿ ರಚಿತವಾದ ಈ ಯಂತ್ರದಲ್ಲಿ ಒಂದೊಂದು ಕಾರ್ಯಕ್ಕೆ ಒಂದೊಂದು ದ್ವಾರವುಂಟು.

ಹಿಂಬದಿಯಲ್ಲಿ ಟೆಲಿವಿಷನ್, ವಿಡಿಯೋ ಮತ್ತು ಬಣ್ಣದ ಪರದೆಗಳಿಗೆ ಮೂರು ಕಿಂಡಿಗಳಿವೆ. ಇಂದಿನ ಟೆಲಿವಿಷನ್ನಿಗೆ ಜೋಡಿಸಲು ಎರಡನೆಯ ವಿಡಿಯೋ ಕಿಂಡಿಯೇ ಸುಲಭ. ಸಾಮಾನ್ಯವಾಗಿ ಚಿತ್ರವು ಕಪ್ಪುಬಿಳುಪಿನಲ್ಲಿ ಬರುವುದಾದರೂ ಓದಲು ಅದು ಧಾರಾಳವಾಗಿ ಸಾಕು. ಅವುಗಳ ಪಕ್ಕದಲ್ಲಿ ಸೀರಿಯಲ್ ಪೋರ್ಟು, ಕ್ಯಾಸೆಟ್ ಪೋರ್ಟು, ಮತ್ತು ಹದಿನೈದು ಪಿನ್ನುಗಳ ಅನಲಾಗ್ ಪೋರ್ಟು ಇವೆ. ಕೊನೆಯದಕ್ಕೆ ನಾಲ್ಕು ವಾಹಿನಿಗಳುಂಟು, ಸುಮಾರು ೧.೮ ವೋಲ್ಟಿನವರೆಗಿನ ಏರಿಳಿತವನ್ನು ಅದು ಅಂಕಿಯಾಗಿ ಮಾರ್ಪಡಿಸುತ್ತದೆ. ಶಾಲೆಗಳ ಪ್ರಯೋಗಶಾಲೆಯಲ್ಲಿ ಬಿಸಿ, ಬೆಳಕು ಮುಂತಾದುವನ್ನು ಅಳೆಯಲು ಇದು ಉಪಯೋಗಕ್ಕೆ ಬರುತ್ತಿತ್ತು.

ಯಂತ್ರದ ತಳಭಾಗದಲ್ಲಿ ಚಪ್ಪಟೆ ಪಟ್ಟಿತಂತಿಗಳಿಗಾಗಿ ಇನ್ನೂ ಕೆಲವು ದ್ವಾರಗಳಿವೆ. ೨೬ ಪಿನ್ನುಗಳ ಪ್ರಿಂಟರ್ ಪೋರ್ಟು, ೨೦ ಪಿನ್ನುಗಳ ಬಳಕೆದಾರ ಪೋರ್ಟು, ಡಿಸ್ಕ್ ಡ್ರೈವಿನ ಮತ್ತು ವಿಸ್ತರಣೆಯ ದ್ವಾರಗಳು, ‘ಟ್ಯೂಬ್’ ಎಂಬ ೪೦ ಪಿನ್ನುಗಳ ದ್ವಾರ ಇವು ಮುಖ್ಯವಾದುವು. ಇವುಗಳಲ್ಲಿ ಪ್ರಿಂಟರ್ ಪೋರ್ಟಿಗೂ ಬಳಕೆದಾರ ಪೋರ್ಟಿಗೂ ಇರುವ ವ್ಯತ್ಯಾಸವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಎರಡನ್ನೂ ನಡೆಸುವುದು ೬೫೨೨ ಎಂಬ ಒಂದೇ ಬಿಲ್ಲೆ. ಆದರೆ ಪ್ರಿಂಟರಿನ ಎಂಟು ತಂತಿಗಳು ಹೊರಗೆ ಕಳುಹಿಸಬಲ್ಲವೇ ಹೊರತು ಒಳಗೆ ತರಲಾರವು. ಬಳಕೆದಾರ ಪೋರ್ಟಿನ ಎಂಟು ತಂತಿಗಳಾದರೋ ಎರಡು ದಿಕ್ಕಿನಲ್ಲಿಯೂ ನಡೆಯುತ್ತವೆ. ಸ್ಮೃತಿಯ ೬೫೧೨೨ನೆಯ ಮನೆಯಲ್ಲಿ ದಿಕ್ಕನ್ನೂ ೬೫೧೨೦ನೆಯ ಮನೆಯಲ್ಲಿ ಮಾಹಿತಿಯನ್ನೂ ಬರೆದರೆ ಸಾಕು, ಹೊರಗಿನ ದೀಪ ಹೊತ್ತುತ್ತದೆ. ಪುಟ್ಟ ದೀಪಕ್ಕೆ ರೋಧಕವನ್ನು ಸೇರಿಸದೆ ನೇರವಾಗಿ ಜೋಡಿಸಿದರೆ ಬಿಲ್ಲೆ ಸುಟ್ಟುಹೋಗಬಹುದೆಂಬುದನ್ನು ಮರೆಯಬಾರದು.

‘ಟ್ಯೂಬ್’ ದ್ವಾರದ ಕಥೆ ಸ್ವಾರಸ್ಯವಾದುದು. ಇನ್ನೊಂದು ಸಂಸ್ಕಾರಕವನ್ನೇ ಬಾಹ್ಯೋಪಕರಣವಾಗಿ ಜೋಡಿಸಲು ಇದನ್ನು ಏರ್ಪಡಿಸಲಾಗಿತ್ತು. ಏಕಾರ್ನ್ ಸಂಸ್ಥೆಯ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ಅವರು ರಚಿಸಿದ ಆರ್ಮ್ ಎಂಬ ಸಂಸ್ಕಾರಕವು ೧೯೮೫ರ ಏಪ್ರಿಲಿನಲ್ಲಿ ಮೊದಲ ಬಾರಿಗೆ ನಡೆದುದು ಬಿಬಿಸಿ ಮೈಕ್ರೋವಿಗೆ ಜೋಡಿಸಿದ ಉಪಕರಣವಾಗಿಯೇ. ಇಂದು ವಾಚಕರ ಜೇಬಿನಲ್ಲಿರುವ ಫೋನುಗಳಲ್ಲಿ ಪ್ರಾಯಶಃ ಎಲ್ಲವೂ ಆ ವಂಶದ ಸಂಸ್ಕಾರಕಗಳಿಂದಲೇ ನಡೆಯುತ್ತವೆ. ಹಳೆಯ ಯಂತ್ರದ ತಳದಲ್ಲಿದ್ದ ಒಂದು ಕಿಂಡಿಯ ಮೂಲಕ ಹೊಸ ಯುಗವು ಹೊರಬಂದಿತೆಂದರೆ ಉತ್ಪ್ರೇಕ್ಷೆಯಾಗಲಾರದು.

೩. ಕ್ಯಾಸೆಟ್ಟಿನ ಲಿಪಿ

ಹುಲಿಕೆರೆಯ ಸಂದರ್ಭದಲ್ಲಿ ನಮಗೆ ಪ್ರಯೋಜನಕ್ಕೆ ಬಂದ ದ್ವಾರಗಳು ಎರಡೇ: ಕ್ಯಾಸೆಟ್ ಪೋರ್ಟು ಮತ್ತು ಸೀರಿಯಲ್ ಪೋರ್ಟು. ಮೊದಲನೆಯದರ ಕ್ರಮವನ್ನು ತಿಳಿಯಲು ಕ್ಯಾಸೆಟ್ಟಿನ ಮೇಲಿನ ‘ಲಿಪಿ’ಯನ್ನು ಅರಿಯಬೇಕು.

ಗಣಕಕ್ಕೆ ತಿಳಿದಿರುವುದು ಸೊನ್ನೆ ಮತ್ತು ಒಂದು ಎಂಬ ಎರಡೇ ಅಕ್ಷರಗಳು. ಕ್ಯಾಸೆಟ್ಟಿಗೆ ತಿಳಿದಿರುವುದು ಧ್ವನಿ. ಆದುದರಿಂದ ಸೊನ್ನೆಗೆ ಸೆಕೆಂಡಿಗೆ ೧,೨೦೦ ಕಂಪನಗಳ ಸ್ವರವನ್ನೂ ಒಂದಕ್ಕೆ ೨,೪೦೦ ಕಂಪನಗಳ ಸ್ವರವನ್ನೂ ಗೊತ್ತುಮಾಡಲಾಯಿತು. ೧೯೭೫ರಲ್ಲಿ ಅಮೆರಿಕದ ಕ್ಯಾನ್ಸಾಸ್ ನಗರದಲ್ಲಿ ನಡೆದ ಸಭೆಯಲ್ಲಿ ರೂಪುಗೊಂಡ ಪದ್ಧತಿಯ ಸಂತತಿ ಇದು. ಬಿಬಿಸಿ ಯಂತ್ರದ ಸಾಮಾನ್ಯ ವೇಗದಲ್ಲಿ ಸೊನ್ನೆಯೆಂದರೆ ಕೆಳಸ್ವರದ ಒಂದು ಆವರ್ತ, ಒಂದೆಂದರೆ ಮೇಲುಸ್ವರದ ಎರಡು ಆವರ್ತ. ಎರಡಕ್ಕೂ ಹಿಡಿಯುವ ಕಾಲ ಸಮಾನ. ಒಂದು ಬೈಟಿಗೆ ಎಂಟು ಬಿಟ್ಟುಗಳು, ಮೊದಲಿಗೊಂದು ಆರಂಭಚಿಹ್ನೆ, ಕೊನೆಗೊಂದು ಅಂತ್ಯಚಿಹ್ನೆ, ಹೀಗೆ ಹತ್ತು. ಸೆಕೆಂಡಿಗೆ ೧,೨೦೦ ಬಿಟ್ಟುಗಳೆಂದರೆ ೧೨೦ ಬೈಟುಗಳಾದವು. ಯಂತ್ರದ ೩೨ ಕಿಲೋಬೈಟುಗಳಷ್ಟು ಮಾಹಿತಿಯನ್ನು ಓದಲು ನಾಲ್ಕೂವರೆ ನಿಮಿಷಕ್ಕೂ ಮೀರಿದ ಕಾಲ ಬೇಕು.

ಈ ಮಾಹಿತಿಯು ೨೫೬ ಬೈಟುಗಳ ಖಂಡಗಳಾಗಿ ವಿಭಾಗವಾಗಿರುತ್ತದೆ. ಪ್ರತಿಯೊಂದು ಖಂಡದ ಆದಿಯಲ್ಲಿ ಕಡತದ ಹೆಸರು, ಖಂಡದ ಸಂಖ್ಯೆ, ಅದರ ಉದ್ದ ಇವುಗಳಿರುತ್ತವೆ. ಶಿರೋಭಾಗಕ್ಕೂ ಮಾಹಿತಿಗೂ ಪ್ರತ್ಯೇಕವಾಗಿ ತಾಳೆನೋಡುವ ಒಂದೊಂದು ಅಂಕಿಯಿರುತ್ತದೆ. ಓದಿದ್ದಕ್ಕೂ ಅಂಕಿಗೂ ತಾಳೆಯಾಗದಿದ್ದರೆ ಯಂತ್ರವು ತಪ್ಪಾಯಿತೆಂದು ಸೂಚಿಸಿ ಟೇಪನ್ನು ಹಿಂದಕ್ಕೆ ಸುತ್ತಲು ಹೇಳುತ್ತದೆ. ಶಾಸನಾಭ್ಯಾಸಿಗಳು ಇದನ್ನು ವಿಶೇಷವಾಗಿ ಮೆಚ್ಚಬೇಕು. ಸವೆದ ಕಲ್ಲಿನ ಅಕ್ಷರವನ್ನು ನಾವು ಊಹಿಸಿ ಓದುತ್ತೇವೆ. ಊಹೆ ಸರಿಯೋ ತಪ್ಪೋ ಎಂದು ಕಲ್ಲು ಹೇಳುವುದಿಲ್ಲ. ಕ್ಯಾಸೆಟ್ಟಾದರೋ ತನ್ನ ಪಾಠವು ಎಲ್ಲಿ ಕೆಟ್ಟಿದೆಯೆಂಬುದನ್ನು ತಾನೇ ತೋರಿಸಿಕೊಡುತ್ತದೆ.

ಕ್ಯಾಸೆಟ್ ಪೋರ್ಟು ಏಳು ಪಿನ್ನುಗಳ ದುಂಡು ಕಿಂಡಿ. ಅದರಿಂದ ಹೊರಟ ತಂತಿಯ ಇನ್ನೊಂದು ತುದಿಯಲ್ಲಿ ಸಾಮಾನ್ಯವಾಗಿ ಮೂರು ಪ್ಲಗ್ಗುಗಳಿರುತ್ತವೆ. ಒಂದು ರೆಕಾರ್ಡರಿನ ಧ್ವನಿಯನ್ನು ಗಣಕಕ್ಕೆ ತರುತ್ತದೆ. ಇನ್ನೊಂದು ಗಣಕದ ಧ್ವನಿಯನ್ನು ರೆಕಾರ್ಡರಿಗೆ ಒಯ್ಯುತ್ತದೆ. ಉಳಿದೆರಡಕ್ಕಿಂತ ಸಣ್ಣದಾದ ಮೂರನೆಯದು ರೆಕಾರ್ಡರಿನ ಮೋಟಾರನ್ನು ನಡೆಸುವ ಮತ್ತು ನಿಲ್ಲಿಸುವ ಅಧಿಕಾರವನ್ನು ಗಣಕಕ್ಕೆ ಕೊಡುತ್ತದೆ. ಈ ಮೂರನೆಯದನ್ನು ಅನವಶ್ಯವೆಂದು ಬಿಡುವವರೇ ಹೆಚ್ಚು. ಪ್ರೋಗ್ರಾಮನ್ನು ಓದುವಾಗ ಅದಿಲ್ಲದಿದ್ದರೂ ನಡೆಯುತ್ತದೆ. ಆದರೆ ಪಟ್ಟಿಯಂಥ ಮಾಹಿತಿಯ ಕಡತವನ್ನು ಓದುವಾಗ ಗಣಕವು ಒಂದು ಖಂಡವನ್ನು ಓದಿ, ಮೋಟಾರನ್ನು ನಿಲ್ಲಿಸಿ, ಓದಿದ್ದನ್ನು ಅರಗಿಸಿಕೊಂಡು, ಮತ್ತೆ ಮೋಟಾರನ್ನು ನಡೆಸುತ್ತದೆ. ಮೂರನೆಯ ಪ್ಲಗ್ಗಿಲ್ಲದಿದ್ದರೆ ಟೇಪು ತನ್ನ ಪಾಡಿಗೆ ಓಡಿ ಮುಂದಿನ ಖಂಡವು ತಪ್ಪಿಹೋಗುತ್ತದೆ.

೪. ಹುಲಿಕೆರೆಯ ಪ್ರಯತ್ನ

ಮೇಷ್ಟರ ಮನೆಯವರು ೨೦೨೩ರ ಬೇಸಗೆಯಲ್ಲಿ ಅಟ್ಟದಿಂದ ಇಳಿಸಿಕೊಟ್ಟ ಪೆಟ್ಟಿಗೆಯಲ್ಲಿ ಯಂತ್ರ, ರೆಕಾರ್ಡರ್, ತಂತಿಗಳು, ಏಳು ಕ್ಯಾಸೆಟ್ಟುಗಳು, ಅವುಗಳ ಜೊತೆಗೆ ಅಂಚು ಹರಿದ ಒಂದು ರಟ್ಟಿನ ಚೂರು ಇದ್ದವು. ಆ ಚೂರಿನ ಮೇಲೆ ‘ಧ್ವನಿ ೬, ಸಣ್ಣ ಪ್ಲಗ್ ಬಿಡಬೇಡಿ, ಇದೇ ರೆಕಾರ್ಡರ್’ ಎಂದು ಬರೆದಿತ್ತು. ಈ ಲೇಖಕನು ಅದನ್ನು ಕಸವೆಂದು ಭಾವಿಸಿ ಬದಿಗಿಟ್ಟನು. ಆ ಅವಜ್ಞೆಯ ಫಲವನ್ನು ಮುಂದೆ ಅನುಭವಿಸಬೇಕಾಯಿತು.

ರೆಕಾರ್ಡರಿನ ಒಳಗಿನ ರಬ್ಬರ್ ಬೆಲ್ಟು ಕರಗಿ ಅಂಟಾಗಿತ್ತು. ಆದುದರಿಂದ ಬೇರೊಂದು ರೆಕಾರ್ಡರನ್ನು ಎರವಲು ತಂದು, ಅದರ ಉರುಳೆಯನ್ನು ಶುದ್ಧಿಮಾಡದೆ, ಮೊದಲನೆಯ ಕ್ಯಾಸೆಟ್ಟನ್ನು ಹಾಕಿ ನಡೆಸಲಾಯಿತು. ಟೇಪು ಉರುಳೆಗೆ ಸುತ್ತಿಕೊಂಡು ನಜ್ಜುಗುಜ್ಜಾಯಿತು. ಆ ಕ್ಯಾಸೆಟ್ಟಿನ ಮೇಲಿದ್ದ ಬರಹ ‘ಅರಸೀಕೆರೆ ತಾ., ಕೆರೆ ತೂಬು’ ಎಂಬುದಾಗಿತ್ತು. ಅದನ್ನು ಉಳಿಸಲು ಸಾಧ್ಯವಾಗಲಿಲ್ಲ. ತಪ್ಪು ಸಂಪೂರ್ಣವಾಗಿ ಈ ಲೇಖಕನದೇ. ಇತರರು ಹೀಗೆ ಮಾಡದಿರಲೆಂದು ಅದನ್ನಿಲ್ಲಿ ದಾಖಲಿಸಿದ್ದೇನೆ.

ಎರಡನೆಯ ಕ್ಯಾಸೆಟ್ಟು ಸುರಕ್ಷಿತವಾಗಿ ತಿರುಗಿದರೂ ಗಣಕವು ಒಂದು ಖಂಡವನ್ನೂ ಒಪ್ಪಲಿಲ್ಲ. ಕಾರಣವು ಆಮೇಲೆ ತಿಳಿಯಿತು. ಪ್ರತಿಯೊಂದು ರೆಕಾರ್ಡರಿನಲ್ಲಿಯೂ ಓದುವ ತಲೆಯು ಟೇಪಿಗೆ ಲಂಬವಾಗಿರಬೇಕು. ಆದರೆ ವಾಸ್ತವದಲ್ಲಿ ಒಂದೊಂದರಲ್ಲಿ ಒಂದೊಂದು ಕೂದಲೆಳೆಯಷ್ಟು ಓರೆಯಿರುತ್ತದೆ. ಬರೆದ ತಲೆಗೂ ಓದುವ ತಲೆಗೂ ಓರೆಯಲ್ಲಿ ವ್ಯತ್ಯಾಸವಿದ್ದರೆ ಮೇಲುಸ್ವರವು ಮಂಕಾಗುತ್ತದೆ. ಸಂಗೀತ ಕೇಳುವವನಿಗೆ ಅದು ಅಷ್ಟಾಗಿ ತಿಳಿಯದು. ಗಣಕಕ್ಕೆ ಸೊನ್ನೆ ಯಾವುದು ಒಂದು ಯಾವುದು ಎಂಬುದೇ ತಿಳಿಯದಂತಾಗುತ್ತದೆ. ‘ಇದೇ ರೆಕಾರ್ಡರ್’ ಎಂಬ ಮೇಷ್ಟರ ಮಾತಿನ ಅರ್ಥ ಇದೇ.

ಹಾಸನದ ಒಬ್ಬ ವೃದ್ಧ ರೇಡಿಯೋ ರಿಪೇರಿಗಾರರು ಹಳೆಯ ರೆಕಾರ್ಡರಿಗೆ ಹೊಸ ಬೆಲ್ಟು ಹಾಕಿ, ತಲೆಯ ತಿರುಪನ್ನು ಮಾತ್ರ ಮುಟ್ಟದೆ ಹಿಂದಿರುಗಿಸಿದರು. ಗಣಕದ ವಿದ್ಯುತ್ ಪೆಟ್ಟಿಗೆಯನ್ನೂ ಅವರೇ ಪರೀಕ್ಷಿಸಿದರು. ಈ ಯಂತ್ರಗಳ ವಿದ್ಯುತ್ ಶೋಧಕದಲ್ಲಿರುವ ಕಾಗದದ ಕೆಪ್ಯಾಸಿಟರುಗಳು ಕಾಲಕ್ರಮದಲ್ಲಿ ಬಿರುಕುಬಿಟ್ಟು ತೇವವನ್ನು ಹೀರುತ್ತವೆ. ವರ್ಷಗಟ್ಟಲೆ ನಿಂತಿದ್ದ ಯಂತ್ರವನ್ನು ಒಮ್ಮೆಗೇ ನಡೆಸಿದರೆ ಅವು ಹೊಗೆಯುಗುಳಿ ಸಿಡಿಯುವುದುಂಟು. ಅವನ್ನು ಬದಲಾಯಿಸಿದ ಮೇಲೆಯೇ ಯಂತ್ರಕ್ಕೆ ವಿದ್ಯುತ್ತನ್ನು ಕೊಡತಕ್ಕದ್ದು.

ಇದಾದ ಮೇಲೆ ಶಾಸನದ ಪಡಿಯಚ್ಚು ತೆಗೆಯುವ ಕ್ರಮವನ್ನೇ ಅನುಸರಿಸಿದೆವು. ಉಳಿದ ಆರು ಕ್ಯಾಸೆಟ್ಟುಗಳನ್ನೂ ಹಳೆಯ ರೆಕಾರ್ಡರಿನಲ್ಲಿ ಒಂದೊಂದೇ ಸಾರಿ ನಡೆಸಿ, ಅದರ ಧ್ವನಿಯನ್ನು ಇಂದಿನ ಗಣಕದಲ್ಲಿ ಸೆಕೆಂಡಿಗೆ ೪೪,೧೦೦ ಮಾದರಿಗಳಂತೆ ಮುದ್ರಿಸಿಕೊಂಡೆವು. ಮೂಲಕ್ಕೆ ಮುಂದೆ ಏನಾದರೂ ಈ ಪ್ರತಿಯೊಂದು ಉಳಿಯುತ್ತದೆ. ಆಮೇಲೆ ಮೇಷ್ಟರ ರಟ್ಟಿನ ಆದೇಶದಂತೆ ಮೂರು ಪ್ಲಗ್ಗುಗಳನ್ನೂ ಸಿಕ್ಕಿಸಿ, ಧ್ವನಿಯನ್ನು ೬ಕ್ಕೆ ಇಟ್ಟು, ಮೂಲ ಯಂತ್ರದಲ್ಲಿಯೇ ಓದಿಸಿದೆವು. ಐದು ಕ್ಯಾಸೆಟ್ಟುಗಳು ಲೋಪವಿಲ್ಲದೆ ಓದಿದವು. ಆರನೆಯದರಲ್ಲಿ ಕೆಲವು ಖಂಡಗಳು ತಾಳೆಯಾಗಲಿಲ್ಲ.

ಧ್ವನಿಯ ಪಡಿಯಚ್ಚನ್ನು ಇಂದಿನ ಗಣಕದಲ್ಲಿ ನೇರವಾಗಿ ಬಿಡಿಸಿ ನೋಡಿದಾಗ ಒಂದು ವಿಚಿತ್ರವು ಕಂಡುಬಂದಿತು. ಯಂತ್ರದಲ್ಲಿ ಕನ್ನಡ ಲಿಪಿ ಇಲ್ಲದುದರಿಂದ ಮೇಷ್ಟರು ಊರಿನ ಹೆಸರುಗಳನ್ನು ರೋಮನ್ ಲಿಪಿಯಲ್ಲಿ ಬರೆದಿದ್ದರು. ಆದರೆ ‘ಹುಲಿಕೆರೆ’ ಎಂದಿರಬೇಕಾದಲ್ಲಿ ‘ಎರೆಕಿಲುಹ್’ ಎಂದಿತ್ತು. ಪ್ರತಿಯೊಂದು ಪದವೂ ಕೊನೆಯಿಂದ ಮೊದಲಿಗೆ ತಿರುಗಿತ್ತು. ಇದೊಂದು ಗುಪ್ತಲಿಪಿಯಿರಬಹುದೇ ಎಂದು ಕೆಲವು ದಿನ ಶಂಕಿಸಿದ್ದುಂಟು. ನಿಜಾಂಶವು ಸರಳವಾದುದು: ಈ ಯಂತ್ರದ ಬೇಸಿಕ್ ಭಾಷೆಯು ಕಡತಕ್ಕೆ ಪದಗಳನ್ನು ಬರೆಯುವಾಗ ಅಕ್ಷರಗಳನ್ನು ಹಿಂದುಮುಂದಾಗಿ ಬರೆದು, ಓದುವಾಗ ಮತ್ತೆ ತಿರುಗಿಸುತ್ತದೆ. ಮೂಲ ಯಂತ್ರವನ್ನು ನಡೆಸಿ ನೋಡದಿದ್ದರೆ ಈ ಸಂಪ್ರದಾಯವು ನಮಗೆ ತಿಳಿಯಲು ಇನ್ನಷ್ಟು ಕಾಲ ಹಿಡಿಯುತ್ತಿತ್ತು.

೫. ಹೊಸ ಗಣಕಕ್ಕೆ ದಾಟಿಸುವಿಕೆ

ಹಳೆಯ ಯಂತ್ರವು ಓದಿದುದನ್ನು ಹೊಸ ಯಂತ್ರಕ್ಕೆ ದಾಟಿಸುವ ಮಾರ್ಗವು ಸೀರಿಯಲ್ ಪೋರ್ಟು. ಇಲ್ಲಿ ಬಿಟ್ಟುಗಳು ಒಂದರ ಹಿಂದೊಂದು ಸಾಲಾಗಿ ಸಾಗುತ್ತವೆ. ಇದರ ಕಿಂಡಿಯು ಐದು ಪಿನ್ನುಗಳದು; ಬರುವ ಮಾಹಿತಿ, ಹೋಗುವ ಮಾಹಿತಿ, ಭೂಮಿ, ಹಾಗೂ ‘ಕಳುಹಿಸಬಹುದೇ’, ‘ಕಳುಹಿಸು’ ಎಂಬ ಎರಡು ಸರದಿಯ ತಂತಿಗಳು. ಪಿನ್ನುಗಳು ದಾಳದ ಐದರ ಚುಕ್ಕೆಗಳಂತೆ ಇರುವುದರಿಂದ ಪ್ಲಗ್ಗನ್ನು ತಲೆಕೆಳಗಾಗಿಯೂ ಸಿಕ್ಕಿಸಬಹುದು. ಇದು ಆರಂಭಿಕರು ಬೀಳುವ ಮೊದಲ ಗುಂಡಿ. ಎರಡನೆಯದು ವಿದ್ಯುತ್ತಿನ ಮಟ್ಟ. ಈ ಪೋರ್ಟಿನ ಸಂಕೇತಗಳು ಸುಮಾರು ಐದು ವೋಲ್ಟು ಧನ ಮತ್ತು ಐದು ವೋಲ್ಟು ಋಣಗಳ ನಡುವೆ ತೂಗುತ್ತವೆ. ಪೇಟೆಯಲ್ಲಿ ದೊರೆಯುವ ಯುಎಸ್‌ಬಿ ಪರಿವರ್ತಕಗಳಲ್ಲಿ ಆರ್‌ಎಸ್-೨೩೨ ಮಟ್ಟದವು ಇದಕ್ಕೆ ಹೊಂದುತ್ತವೆ. ಬರಿಯ ೩.೩ ಅಥವಾ ೫ ವೋಲ್ಟಿನ ತರ್ಕಮಟ್ಟದವನ್ನು ನೇರವಾಗಿ ಜೋಡಿಸಿದರೆ ಋಣ ವೋಲ್ಟೇಜಿನಿಂದ ಅವು ಕೆಡುತ್ತವೆ. ಮೂರನೆಯದು ಸರದಿ. ‘ಕಳುಹಿಸು’ ಎಂಬ ಅಪ್ಪಣೆ ಆ ಕಡೆಯಿಂದ ಬಾರದಿದ್ದರೆ ಬಿಬಿಸಿ ಯಂತ್ರವು ಒಂದಕ್ಷರವನ್ನೂ ಕಳುಹಿಸದೆ, ದೋಷವನ್ನೂ ಹೇಳದೆ, ಸುಮ್ಮನೆ ಕಾಯುತ್ತದೆ. ಮೂರೇ ತಂತಿ ಸಾಕೆಂದು ಭಾವಿಸಿದವರು ಯಂತ್ರ ಕೆಟ್ಟಿದೆಯೆಂದು ತೀರ್ಮಾನಿಸುವುದು ಇದರಿಂದಲೇ.

ಯಂತ್ರಕ್ಕೆ ಕೊಡಬೇಕಾದ ಆಜ್ಞೆಗಳು ಎರಡು. ‘ಎಫ್‌ಎಕ್ಸ್ ೮,೭’ ಎಂಬುದು ಕಳುಹಿಸುವ ವೇಗವನ್ನು ಸೆಕೆಂಡಿಗೆ ೯,೬೦೦ ಬಿಟ್ಟುಗಳಿಗೆ ಗೊತ್ತುಮಾಡುತ್ತದೆ. ‘ಎಫ್‌ಎಕ್ಸ್ ೫,೨’ ಎಂಬುದು ಸೀರಿಯಲ್ ಪೋರ್ಟಿನಲ್ಲಿ ಪ್ರಿಂಟರ್ ಇದೆಯೆಂದು ಯಂತ್ರವನ್ನು ನಂಬಿಸುತ್ತದೆ. ಎರಡರ ಮೊದಲೂ ನಕ್ಷತ್ರ ಚಿಹ್ನೆಯನ್ನು ಒತ್ತಬೇಕು. ಇದಾದ ಮೇಲೆ ಹಳೆಯ ಯಂತ್ರವು ಅಚ್ಚುಹಾಕುತ್ತಿದ್ದೇನೆಂದು ಭಾವಿಸಿ ಕಳುಹಿಸಿದುದೆಲ್ಲವನ್ನೂ ಹೊಸ ಯಂತ್ರವು ಬರೆದುಕೊಳ್ಳುತ್ತದೆ.

ಇಲ್ಲಿ ಮತ್ತೊಂದು ಸೂಕ್ಷ್ಮವಿದೆ. ಹೊರಗಿನಿಂದ ನೋಡಿದರೆ ಕ್ಯಾಸೆಟ್ ಮತ್ತು ಸೀರಿಯಲ್ ಪೋರ್ಟುಗಳು ಬೇರೆ ಬೇರೆಯಾಗಿವೆ. ಒಳಗೆ ಎರಡಕ್ಕೂ ಸೇವೆ ಸಲ್ಲಿಸುವುದು ಒಂದೇ ಬಿಲ್ಲೆ. ಒಂದು ತೂಬಿನ ನೀರನ್ನು ಎರಡು ಕಾಲುವೆಗಳಿಗೆ ಸರದಿಯ ಮೇಲೆ ಬಿಟ್ಟಂತೆ, ಒಂದು ಹೊತ್ತಿಗೆ ಒಂದು ಮಾತ್ರ ನಡೆಯುತ್ತದೆ. ಕ್ಯಾಸೆಟ್ಟಿನಿಂದ ಓದುತ್ತ ಓದುತ್ತಲೇ ಸೀರಿಯಲ್ ಮೂಲಕ ಕಳುಹಿಸುವ ನಮ್ಮ ಮೊದಲ ಪ್ರೋಗ್ರಾಮು ವಿಫಲವಾದುದಕ್ಕೆ ಇದು ಕಾರಣ. ಕಡತವನ್ನೆಲ್ಲ ಮೊದಲು ಸ್ಮೃತಿಗೆ ಓದಿಕೊಂಡು, ಕ್ಯಾಸೆಟ್ಟನ್ನು ಮುಚ್ಚಿ, ಆಮೇಲೆ ಕಳುಹಿಸುವಂತೆ ತಿದ್ದಿದ ನಂತರ ಕಾರ್ಯವು ಸುಗಮವಾಯಿತು. ಅಕ್ಷರಮಾತ್ರದ ಪರದೆಯನ್ನು ಬಳಸಿದರೆ ಯಂತ್ರದಲ್ಲಿ ೨೭ ಕಿಲೋಬೈಟಿನಷ್ಟು ಸ್ಮೃತಿ ಬಿಡುವಾಗಿ ದೊರೆಯುವುದರಿಂದ ಮೇಷ್ಟರ ಯಾವ ಕಡತಕ್ಕೂ ಸ್ಥಳ ಸಾಲದೆ ಹೋಗಲಿಲ್ಲ.

ಹೀಗೆ ಹೊರಬಂದ ಪಟ್ಟಿಯಲ್ಲಿ ಊರು, ಹೊಲದ ಗುರುತು, ಕಲ್ಲಿನ ಬಗೆ, ಎತ್ತರ, ನೋಡಿದ ದಿನ ಇವಿಷ್ಟು ಇವೆ. ಭಾಷೆ ಶುಷ್ಕವಾದುದು, ಅಲ್ಲೊಂದು ಇಲ್ಲೊಂದು ಕಡೆ ‘ಹಸು ಕಟ್ಟುತ್ತಾರೆ’, ‘ಬಟ್ಟೆ ಒಗೆಯುವ ಕಲ್ಲು’ ಎಂಬ ಟಿಪ್ಪಣಿಗಳುಂಟು. ಹುಲಿಕೆರೆಯ ಸುತ್ತಲಿನ ಎರಡು ನಮೂದುಗಳನ್ನು ಹಿಡಿದುಕೊಂಡು ಈ ಲೇಖಕನು ಹುಡುಕಲು ಹೋದನು. ಒಂದು ವೀರಗಲ್ಲು ಹೇಳಿದ ಸ್ಥಳದಲ್ಲಿಯೇ, ಲಂಟಾನದ ಪೊದೆಯೊಳಗೆ ನಿಂತಿದೆ. ಇನ್ನೊಂದು ಇದ್ದ ಸ್ಥಳದಲ್ಲಿ ಈಗ ರಸ್ತೆಯಿದೆ. ಆ ಕಲ್ಲು ಅಲ್ಲಿತ್ತೆಂಬುದಕ್ಕೆ ನಮಗೆ ದೊರೆತಿರುವ ಸಾಕ್ಷ್ಯವು ಒಂದು ಕ್ಯಾಸೆಟ್ಟಿನ ಮೇಲಿನ ಎರಡು ಸ್ವರಗಳು ಮಾತ್ರ.

೬. ಒಂದು ಹೋಲಿಕೆ ಮತ್ತು ನಿರ್ಣಯ

ಇಂಥ ಅನುಭವವು ನಮ್ಮದೊಂದೇ ಅಲ್ಲ. ಇಂಗ್ಲೆಂಡಿನ ಅರಸ ಒಂದನೆಯ ವಿಲಿಯಮ್ ೧೦೮೬ರಲ್ಲಿ ಮಾಡಿಸ��ದ ಭೂಮಾಪನದ ದಾಖಲೆಗೆ ಡೂಮ್ಸ್‌ಡೇ ಪುಸ್ತಕವೆಂದು ಹೆಸರು. ಅದರ ಒಂಬೈನೂರನೆಯ ವರ್ಷದ ನೆನಪಿಗಾಗಿ ೧೯೮೬ರಲ್ಲಿ ಬ್ರಿಟಿಷ್ ಪ್ರಸಾರ ಸಂಸ್ಥೆಯು ಲಕ್ಷಾಂತರ ಜನರ, ವಿಶೇಷವಾಗಿ ಶಾಲಾಮಕ್ಕಳ, ನೆರವಿನಿಂದ ದೇಶದ ಹೊಸ ಸಮೀಕ್ಷೆಯೊಂದನ್ನು ತಯಾರಿಸಿ ಎರಡು ದೊಡ್ಡ ಲೇಸರ್ ತಟ್ಟೆಗಳಲ್ಲಿ ತುಂಬಿಸಿತು. ಅವನ್ನು ಓದಲು ಬೇಕಾದುದು ಬಿಬಿಸಿ ಮೈಕ್ರೋವಿನ ಉತ್ತರಾಧಿಕಾರಿಯಾದ ಬಿಬಿಸಿ ಮಾಸ್ಟರ್ ಯಂತ್ರ ಮತ್ತು ಅದಕ್ಕೆ ಜೋಡಿಸಿದ ಒಂದು ವಿಶೇಷ ತಟ್ಟೆವಾದಕ. ಹದಿನೈದೇ ವರ್ಷಗಳಲ್ಲಿ ಆ ವಾದಕಗಳು ವಿರಳವಾಗಿ, ಹೊಸ ದಾಖಲೆಯು ಓದಲಾಗದ ಸ್ಥಿತಿಗೆ ಬಂದಿತು. ಹಳೆಯ ಡೂಮ್ಸ್‌ಡೇ ಪುಸ್ತಕವಾದರೋ ಚರ್ಮಪತ್ರದ ಮೇಲೆ ಮೊದಲಿನಂತೆಯೇ ಓದಬರುತ್ತಿತ್ತು. ೨೦೦೨ರಲ್ಲಿ ಲೀಡ್ಸ್ ಮತ್ತು ಮಿಷಿಗನ್ ವಿಶ್ವವಿದ್ಯಾನಿಲಯಗಳ ವಿದ್ವಾಂಸರು ಆ ಯಂತ್ರವನ್ನೂ ವಾದಕವನ್ನೂ ಹೊಸ ಗಣಕದಲ್ಲಿ ಅನುಕರಿಸಿ ತೋರಿಸಿದ ಮೇಲೆ ಅದರ ಪುನರುದ್ಧಾರಕ್ಕೆ ದಾರಿಯಾಯಿತು. ತಟ್ಟೆಗಳು ಕೆಟ್ಟಿರಲಿಲ್ಲವೆಂಬುದನ್ನು ಗಮನಿಸಬೇಕು. ಕಡಿದುಹೋದುದು ತಟ್ಟೆಗೂ ಗಣಕಕ್ಕೂ ನಡುವಣ ಸಂಬಂಧ.

ಹುಲಿಕೆರೆಯ ಪೆಟ್ಟಿಗೆಯೂ ಇದೇ ಪಾಠವನ್ನು ಹೇಳುತ್ತದೆ. ಯಂತ್ರವು ಉಳಿದಿತ್ತು, ಕ್ಯಾಸೆಟ್ಟುಗಳು ಉಳಿದಿದ್ದವು. ಆದರೂ ಅವೆರಡನ್ನು ಮಾತನಾಡಿಸಿದುದು ಮೂರು ಸಣ್ಣ ಮಾತುಗಳನ್ನು ಬರೆದಿದ್ದ ಒಂದು ರಟ್ಟಿನ ಚೂರು. ಯಾವ ಪ್ಲಗ್ಗು, ಎಷ್ಟು ಧ್ವನಿ, ಯಾವ ರೆಕಾರ್ಡರ್ ಎಂಬ ಜ್ಞಾನವೇ ಈ ಬಗೆಯ ಆಕರದ ಲಿಪಿಶಾಸ್ತ್ರ. ಮತ್ತು ಎಲ್ಲಕ್ಕಿಂತ ಮೊದಲು ಕಳೆದುಹೋಗುವುದೂ ಅದೇ.

ಆದುದರಿಂದ ನಮ್ಮ ಕಾಲೇಜುಗಳಲ್ಲಿಯೂ ಗ್ರಾಮಗಳ ಮನೆಗಳಲ್ಲಿಯೂ ಇಂಥ ಯಂತ್ರಗಳು ಕಂಡುಬಂದಾಗ ಅಧ್ಯಾಪಕರು ಮತ್ತು ವಿದ್ಯಾರ್ಥಿಗಳು ಕೆಲವು ನಿಯಮಗಳನ್ನು ಪಾಲಿಸುವುದು ಉಚಿತ. ಯಂತ್ರದೊಡನೆ ತಂತಿ, ಪ್ಲಗ್ಗು, ರೆಕಾರ್ಡರ್, ಕೈಬರಹದ ಚೀಟಿ ಇವುಗಳನ್ನು ಬೇರ್ಪಡಿಸದೆ ಒಟ್ಟಿಗೇ ಸಂಗ್ರಹಿಸಬೇಕು. ಜೋಡಣೆಯು ಇದ್ದ ಸ್ಥಿತಿಯಲ್ಲಿಯೇ ಛಾಯಾಚಿತ್ರವನ್ನು ತೆಗೆದುಕೊಳ್ಳಬೇಕು. ತಿಳಿದವರು ಪರೀಕ್ಷಿಸುವವರೆಗೆ ವಿದ್ಯುತ್ತನ್ನು ಕೊಡಬಾರದು; ಯಂತ್ರವು ನಡೆಯುತ್ತಿರುವಾಗ ಯಾವ ಪ್ಲಗ್ಗನ್ನೂ ಸಿಕ್ಕಿಸಬಾರದು, ಕೀಳಬಾರದು. ಕ್ಯಾಸೆಟ್ಟನ್ನು ಶುದ್ಧಿಮಾಡಿದ ರೆಕಾರ್ಡರಿನಲ್ಲಿ ಮಾತ್ರ ನಡೆಸಿ, ಮೊದಲ ಓಟದಲ್ಲಿಯೇ ಧ್ವನಿಯ ಪಡಿಯಚ್ಚನ್ನು ತೆಗೆಯಬೇಕು. ಎಲ್ಲಕ್ಕೂ ಮಿಗಿಲಾಗಿ, ಯಂತ್ರವನ್ನು ಬಳಸಿದವರು ಇನ್ನೂ ಇದ್ದರೆ ಅವರನ್ನು ಕೇಳಿ ಬರೆದುಕೊಳ್ಳಬೇಕು. ಹುಲಿಕೆರೆಯ ಮೇಷ್ಟರು ಬದುಕಿದ್ದಾಗ ಯಾರಾದರೂ ಒಂದು ಸಂಜೆ ಅವರ ಜಗುಲಿಯ ಮೇಲೆ ಕುಳಿತು ಕೇಳಿದ್ದರೆ ಅರಸೀಕೆರೆ ತಾಲ್ಲೂಕಿನ ತೂಬುಗಳ ಪಟ್ಟಿ ಇಂದು ನಮ್ಮ ಕೈಯಲ್ಲಿರುತ್ತಿತ್ತು.